ಜಿಗಿಯುವ ಪೇಟೆಯಲ್ಲಿ ಸೂಚ್ಯಂಕ ಆಪ್ಷನ್‌ಗಳ ಹೆಡ್ಜಿಂಗ್

ಸೂಚ್ಯಂಕ ಆಪ್ಷನ್‌ಗಳ ಹೆಡ್ಜಿಂಗ್ : ನಿಫ್ಟಿ 50, ಎಸ್ ಅಂಡ್ ಪಿ 500, ನಿಕ್ಕೈ 225 ಮೊದಲಾದ ಷೇರು ಸೂಚ್ಯಂಕಗಳ ಆಪ್ಷನ್ ವಹಿವಾಟಿನಲ್ಲಿ ಆಗಬಹುದಾದ ನಷ್ಟವನ್ನು ಫ್ಯೂಚರ್ಸ್‌ನಿಂದಲೋ (ಮುಂದಿನ ತಾರೀಖಿನ ವಹಿವಾಟಿಗೆ ಈಗಲೇ ದರ ಗೊತ್ತುಮಾಡುವ ಒಪ್ಪಂದ) ಬೇರೆ ಆಪ್ಷನ್‌ಗಳಿಂದಲೋ ತಗ್ಗಿಸಿಕೊಳ್ಳುವ ಕ್ರಮ. ಸೂಚ್ಯಂಕ ಮೆಲ್ಲಗೆ ಏರಿಳಿಯುತ್ತಿರುವಾಗ ಇದು ಬಹುಮಟ್ಟಿಗೆ ಲೆಕ್ಕದ ಕೆಲಸ. ಬೆಲೆ ಒಂದು ಮಟ್ಟದಿಂದ ಇನ್ನೊಂದಕ್ಕೆ ನಡುವಿನ ಮೆಟ್ಟಿಲುಗಳನ್ನೇ ಮುಟ್ಟದೆ ಹಾರಿದಾಗ ಲೆಕ್ಕ ಕೈಕೊಡುತ್ತದೆ. ಪೇಟೆಯವರು ಗ್ಯಾಪ್ ಅಪ್, ಗ್ಯಾಪ್ ಡೌನ್ ಎನ್ನುವುದು ಇಂಥ ಜಿಗಿತದ ಎಲ್ಲರೂ ಕಂಡ ರೂಪ. ಮಧ್ಯಾಹ್ನ 3.30ಕ್ಕೆ ಮುಚ್ಚಿದ ನಿಫ್ಟಿ ಮರುದಿನ ಬೆಳಗ್ಗೆ 9.15ಕ್ಕೆ ಇನ್ನೂರು ಅಂಶ ಕೆಳಗೆ ತೆರೆದರೆ ಆ ಇನ್ನೂರು ಅಂಶಗಳ ನಡುವೆ ಯಾರೂ ಏನನ್ನೂ ಮಾರಿರುವುದಿಲ್ಲ, ಕೊಂಡಿರುವುದಿಲ್ಲ. ಅಲ್ಲಿ ಸ್ಟಾಪ್ ಲಾಸ್ ಹಾಕಿಟ್ಟವರಿಗೂ ಸಿಗುವುದು ಕೆಳಗಿನ ದರವೇ.

ಕಾಲ್ ಆಪ್ಷನ್ ಕೊಂಡವರಿಗೆ ನಿಗದಿತ ಸ್ಟ್ರೈಕ್ ದರದಲ್ಲಿ ಕೊಳ್ಳುವ ಹಕ್ಕು, ಪುಟ್ ಕೊಂಡವರಿಗೆ ಮಾರುವ ಹಕ್ಕು. ಸೂಚ್ಯಂಕವನ್ನು ಕೈಯಲ್ಲಿ ಹಿಡಿದು ಕೊಡಲಾಗದ ಕಾರಣ ಅವಧಿ ಮುಗಿದ ದಿನ ವ್ಯತ್ಯಾಸವನ್ನು ನಗದಾಗಿ ತೀರಿಸುತ್ತಾರೆ. ಕೊಂಡವರ ನಷ್ಟ ಕೊಟ್ಟ ಪ್ರೀಮಿಯಂಗೆ, ಅಂದರೆ ಆಪ್ಷನ್‌ನ ಬೆಲೆಗೆ, ಮುಗಿಯುತ್ತದೆ. ಮಾರಿದವರ, ಅಂದರೆ ಆಪ್ಷನ್ ರೈಟರ್‌ಗಳ, ನಷ್ಟಕ್ಕೆ ಅಂಥ ಮಿತಿಯಿಲ್ಲ. ಈ ಲೇಖನದ ವಿಷಯ ಮುಖ್ಯವಾಗಿ ಮಾರಿದವರ ಕಷ್ಟ.

ಡೆಲ್ಟಾ ಹೆಡ್ಜಿಂಗ್

1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಆಪ್ಷನ್ ಬೆಲೆಯ ಸೂತ್ರವನ್ನು ಪ್ರಕಟಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಷಿಕಾಗೊ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್ ವಹಿವಾಟು ಶುರುಮಾಡಿತ್ತು. ರಾಬರ್ಟ್ ಮರ್ಟನ್ ಆ ಸೂತ್ರದ ಬೆನ್ನೆಲುಬಾದ ವಾದವನ್ನು ಬಿಗಿಗೊಳಿಸಿದರು. ವಾದದ ತಿರುಳು ಸರಳ: ಸೂಚ್ಯಂಕ ಒಂದು ಅಂಶ ಸರಿದರೆ ಆಪ್ಷನ್ ಬೆಲೆ ಎಷ್ಟು ಸರಿಯುತ್ತದೆ ಎಂಬುದೇ ಡೆಲ್ಟಾ. ಡೆಲ್ಟಾದಷ್ಟು ಫ್ಯೂಚರ್ಸನ್ನು ಎದುರು ದಿಕ್ಕಿನಲ್ಲಿ ಹಿಡಿದು, ಬೆಲೆ ಸರಿದಂತೆಲ್ಲ ಆ ಪ್ರಮಾಣವನ್ನು ತಿದ್ದುತ್ತಾ ಹೋದರೆ ಆಪ್ಷನ್‌ನ ಅಪಾಯ ಪೂರ್ತಿಯಾಗಿ ಕರಗುತ್ತದೆ. ಹೀಗೆ ಪೂರ್ತಿ ಕರಗುವುದಕ್ಕೆ ಒಂದು ಷರತ್ತಿದೆ. ಬೆಲೆಯ ದಾರಿ ಎಲ್ಲೂ ಕಡಿಯಬಾರದು. ತಿದ್ದಿಕೊಳ್ಳಲು ಪ್ರತಿ ಹೆಜ್ಜೆಯಲ್ಲೂ ಅವಕಾಶ ಇರಬೇಕು.

ಡೆಲ್ಟಾ ಹೆಡ್ಜ್ ಮಾಡಿದ ಮಾರಾಟಗಾರರ ಆದಾಯದ ಸ್ವರೂಪವನ್ನು ಇಲ್ಲಿ ಗಮನಿಸಬೇಕು. ಪೇಟೆ ಸುಮ್ಮನಿದ್ದ ದಿನ ಆಪ್ಷನ್‌ನ ಕಾಲಮೌಲ್ಯ ಕರಗಿ ಅವರಿಗೆ ನಾಲ್ಕು ಕಾಸು ಉಳಿಯುತ್ತದೆ. ಪೇಟೆ ದೊಡ್ಡದಾಗಿ ಹಾರಿದ ದಿನ, ಮೇಲಕ್ಕಾಗಲಿ ಕೆಳಕ್ಕಾಗಲಿ, ಹಣ ಹೋಗುತ್ತದೆ. ಹನಿಗೂಡಿ ಹಳ್ಳವಾದದ್ದನ್ನು ಒಂದೇ ನೆರೆ ಕೊಚ್ಚಿಕೊಂಡು ಹೋಗಬಹುದು. ಡೆಲ್ಟಾ ಬದಲಾಗುವ ವೇಗಕ್ಕೆ ಗಾಮಾ ಎಂದು ಹೆಸರು. ಆಪ್ಷನ್ ಮಾರಿದವರು ಯಾವಾಗಲೂ ಗಾಮಾದ ತಪ್ಪು ಪಕ್ಕದಲ್ಲಿ ನಿಂತಿರುತ್ತಾರೆ.

ಒಂದು ದಿನದ ಲೆಕ್ಕ

2024ರ ಜೂನ್ 3ರಂದು, ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳ ಉತ್ಸಾಹದಲ್ಲಿ, ನಿಫ್ಟಿ ಶೇ. 3ಕ್ಕೂ ಹೆಚ್ಚು ಏರಿ 23,263.90ರಲ್ಲಿ ಮುಚ್ಚಿತು. ಮರುದಿನ ಮತ ಎಣಿಕೆ. ಸಮೀಕ್ಷೆಗಳು ಹೇಳಿದ ಅಂಕಿ ಬರಲಿಲ್ಲ. ನಿಫ್ಟಿ 1,379.40 ಅಂಶ, ಅಂದರೆ ಶೇ. 5.93 ಕುಸಿದು 21,884.50ಕ್ಕೆ ನಿಂತಿತು.

3ನೇ ತಾರೀಖು ಸಂಜೆ ಒಬ್ಬರು 23,000 ಸ್ಟ್ರೈಕಿನ ಒಂದು ಪುಟ್ಟನ್ನು 300 ರೂಪಾಯಿಗೆ ಮಾರಿದ್ದರು, ಅದರ ಡೆಲ್ಟಾ 0.35 ಎಂದಿಟ್ಟುಕೊಳ್ಳೋಣ (ಸೂಚ್ಯಂಕದ ಅಂಕಿಗಳು ನಿಜ, ಪ್ರೀಮಿಯಂ ಮತ್ತು ಡೆಲ್ಟಾ ಲೆಕ್ಕಕ್ಕಾಗಿ ಇಟ್ಟುಕೊಂಡವು, ಫ್ಯೂಚರ್ಸ್ ಸೂಚ್ಯಂಕದಷ್ಟೇ ಸರಿಯಿತು ಎಂದು ಹಿಡಿದಿದೆ). ಪಾಠ ಹೇಳಿದಂತೆ ಅವರು 0.35 ಪಾಲು ಫ್ಯೂಚರ್ಸ್ ಮಾರಿ ಹೆಡ್ಜ್ ಮಾಡಿಕೊಂಡಿದ್ದಾರೆ. ಮರುದಿನದ ಮುಕ್ತಾಯಕ್ಕೆ ಆ ಪುಟ್‌ನ ಬೆಲೆ ಕನಿಷ್ಠ 1,115.50. ಅಲ್ಲಿ ನಷ್ಟ 815.50. ಫ್ಯೂಚರ್ಸ್‌ನಿಂದ ಬಂದ ಲಾಭ 1,379.40ರ ಶೇ. 35, ಅಂದರೆ ಸುಮಾರು 483. ಹೆಡ್ಜ್ ಇದ್ದೂ ಒಂದು ಯೂನಿಟ್ಟಿಗೆ 333 ರೂಪಾಯಿ ಕೈಬಿಟ್ಟಿತು. ಬಂದ ಪ್ರೀಮಿಯಂಗಿಂತಲೂ ಹೆಚ್ಚು. ಪೇಟೆ ಅಷ್ಟೇ ಅಂಶ ಮೇಲಕ್ಕೆ ಹಾರಿದ್ದರೆ? ಪುಟ್ ಹೆಚ್ಚುಕಡಿಮೆ ಸೊನ್ನೆಯಾಗಿ 300 ಉಳಿಯುತ್ತಿತ್ತು, ಫ್ಯೂಚರ್ಸ್‌ನಲ್ಲಿ 483 ಹೋಗುತ್ತಿತ್ತು. ಆಗಲೂ 183 ನಷ್ಟವೇ.

ಬೆಳಗ್ಗೆ ಪೇಟೆ ತೆರೆದ ಮೇಲೆ ಇನ್ನಷ್ಟು ಫ್ಯೂಚರ್ಸ್ ಮಾರಿ ಡೆಲ್ಟಾ ಸರಿಪಡಿಸಬಹುದಲ್ಲ ಎಂದರೆ, ಸರಿಪಡಿಸಬಹುದು. ಆದರೆ ಅದು ತೆರೆದ ಮೇಲಿನ ಇಳಿತಕ್ಕಷ್ಟೇ ಮದ್ದು. ಅಷ್ಟರೊಳಗೆ ಹಾರಿಹೋದ ಅಂಶಗಳ ಪಾಲಿಗೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಈಗ ಅದೇ ವ್ಯಕ್ತಿ ಜೊತೆಯಲ್ಲೇ 22,500 ಸ್ಟ್ರೈಕಿನ ಪುಟ್ಟನ್ನು 170 ರೂಪಾಯಿಗೆ ಕೊಂಡಿದ್ದರು, ಅದರ ಡೆಲ್ಟಾ 0.22 ಎನ್ನಿ. ಕೈಗೆ ಉಳಿದ ಪ್ರೀಮಿಯಂ 130ಕ್ಕೆ ಇಳಿಯಿತು, ಫ್ಯೂಚರ್ಸ್ ಮಾರಬೇಕಾದ್ದು ಬರೀ 0.13 ಪಾಲು. ಜೂನ್ 4ರ ಕುಸಿತದಲ್ಲಿ ಎರಡು ಪುಟ್‌ಗಳ ನಡುವೆ 370 ಹೋಗಿ, ಫ್ಯೂಚರ್ಸ್‌ನಲ್ಲಿ 179 ಬಂದು, ನಿವ್ವಳ ನಷ್ಟ 191. ಮೊದಲಿನ 333ಕ್ಕೆ ಹೋಲಿಸಿದರೆ ಸ್ವಲ್ಪ ವಾಸಿ, ಅಷ್ಟೆ. ನಿಜವಾದ ವ್ಯತ್ಯಾಸ ಕಾಣುವುದು ಇನ್ನೂ ಕೆಳಗೆ. ಸೂಚ್ಯಂಕ ನೇರವಾಗಿ 20,000ಕ್ಕೆ ಬಿದ್ದಿದ್ದರೆ ಮೊದಲನೆಯ ಏರ್ಪಾಟಿನಲ್ಲಿ 1,558 ಹೋಗುತ್ತಿತ್ತು. ಎರಡನೆಯದರಲ್ಲಿ 54 ಉಳಿಯುತ್ತಿತ್ತು. ಜಿಗಿತದ ಎದುರು ಫ್ಯೂಚರ್ಸ್ ಮಾಡಲಾಗದ ಕೆಲಸವನ್ನು ಇನ್ನೊಂದು ಆಪ್ಷನ್ ಮಾಡುತ್ತದೆ ಎಂಬ ಮಾತು ಇಷ್ಟರಲ್ಲೇ ಅಡಗಿದೆ. ಫ್ಯೂಚರ್ಸ್‌ನ ಲಾಭನಷ್ಟ ಒಂದು ಸರಳರೇಖೆ, ಆಪ್ಷನ್‌ನದು ಬಾಗಿದ ಗೆರೆ. ಬಾಗಿದ್ದನ್ನು ದೂರದವರೆಗೂ ಮುಚ್ಚಬೇಕಾದರೆ ಬಾಗಿದ್ದೇ ಬೇಕು.

ಮರ್ಟನ್ ಮಾದರಿ ಮತ್ತು ಸೂಚ್ಯಂಕದ ತೊಡಕು

ಜಿಗಿತವನ್ನು ಆಪ್ಷನ್ ಸಿದ್ಧಾಂತಕ್ಕೆ ತಂದವರೂ ಮರ್ಟನ್ನರೇ. 1976ರ ಲೇಖನದಲ್ಲಿ ಅವರು ಬೆಲೆಯ ನಿತ್ಯದ ತೊನೆದಾಟಕ್ಕೆ ಪ್ವಾಸೋನ್ ಪ್ರಕ್ರಿಯೆಯ ಜಿಗಿತಗಳನ್ನು ಸೇರಿಸಿದರು. ಜಿಗಿತ ಯಾವಾಗ ಬರುತ್ತದೆಂದು ಗೊತ್ತಿಲ್ಲ, ಸರಾಸರಿ ವರ್ಷಕ್ಕೆ ಎಷ್ಟು ಎಂದು ಮಾತ್ರ ಗೊತ್ತು; ಬಂದಾಗ ಅದರ ಅಳತೆಯೂ ಅನಿಶ್ಚಿತ. ಇಂಥ ಪೇಟೆಯಲ್ಲಿ ಡೆಲ್ಟಾ ಹೆಡ್ಜ್ ಅಪಾಯವನ್ನು ಪೂರ್ತಿ ಅಳಿಸಲಾರದು ಎಂದು ಒಪ್ಪಿಕೊಂಡೇ ಮರ್ಟನ್ ಒಂದು ಪರಿಹಾರ ಸೂಚಿಸಿದರು. ಜಿಗಿತ ಒಂದು ಕಂಪನಿಗೆ ಸಂಬಂಧಪಟ್ಟ ಸುದ್ದಿಯಿಂದ ಆಗುವಂಥದ್ದಾದರೆ, ನೂರಾರು ಕಂಪನಿಗಳ ಆಪ್ಷನ್ ಇಟ್ಟುಕೊಂಡವರಿಗೆ ಅದು ಒಂದಕ್ಕೊಂದು ಸರಿದೂಗಿಹೋಗುತ್ತದೆ. ಆದ್ದರಿಂದ ಆ ಅಪಾಯಕ್ಕೆ ಪ್ರತ್ಯೇಕ ಬೆಲೆ ಬೇಕಿಲ್ಲ.

ಬೆಂಗಳೂರಿನ ಇನ್ಫೊಸಿಸ್ ಇದಕ್ಕೆ ಒಳ್ಳೆಯ ಉದಾಹರಣೆ. 2013ರ ಏಪ್ರಿಲ್ 12ರಂದು ಕಂಪನಿ ಮುಂದಿನ ವರ್ಷದ ಬಗ್ಗೆ ಕೊಟ್ಟ ಅಂದಾಜು ಪೇಟೆಗೆ ಹಿಡಿಸದೆ ಷೇರು ಒಂದೇ ದಿನ ಶೇ. 21ರಷ್ಟು ಬಿತ್ತು. ನಿಫ್ಟಿಯಲ್ಲಿ ದೊಡ್ಡ ತೂಕವಿದ್ದ ಷೇರು ಹೀಗೆ ಬಿದ್ದರೂ ಸೂಚ್ಯಂಕ ಇಳಿದದ್ದು ಸುಮಾರು ಶೇ. 1 ಮಾತ್ರ. ಉಳಿದ ಷೇರುಗಳು ಆ ಪೆಟ್ಟನ್ನು ಹೀರಿಕೊಂಡವು.

ಆದರೆ ಸೂಚ್ಯಂಕವೇ ಜಿಗಿದರೆ ಹೀರಿಕೊಳ್ಳುವವರು ಯಾರು? ಸೂಚ್ಯಂಕವೆಂದರೆ ಆಗಲೇ ಹಂಚಿ ಮುಗಿದ ಅಪಾಯ. ಇನ್ನು ಹಂಚಲು ಜಾಗವಿಲ್ಲ. ಊರಲ್ಲಿ ಒಬ್ಬರ ಬಣವೆಗೆ ಬೆಂಕಿ ಬಿದ್ದರೆ ಉಳಿದವರು ಒಂದೊಂದು ಹೊರೆ ಹುಲ್ಲು ಕೊಟ್ಟು ಅವರ ದನಗಳನ್ನು ಉಳಿಸುತ್ತಾರೆ. ಇಡೀ ತಾಲ್ಲೂಕಿಗೆ ಮಳೆ ಕೈಕೊಟ್ಟ ವರ್ಷ ಕೊಡುವ ಮನೆಯೇ ಇರುವುದಿಲ್ಲ. ಮರ್ಟನ್ನರ ಪರಿಹಾರ ಬಣವೆಯ ಬೆಂಕಿಗೆ ಸರಿ, ಬರಗಾಲಕ್ಕಲ್ಲ. ಸೂಚ್ಯಂಕ ಆಪ್ಷನ್‌ಗಳ ಹೆಡ್ಜಿಂಗ್ ಬಿಡಿ ಷೇರಿನ ಆಪ್ಷನ್‌ಗಿಂತ ಬೇರೆಯೇ ಪ್ರಶ್ನೆಯಾಗುವುದು ಇಲ್ಲಿ. ಜಿಗಿತದ ಅಪಾಯ ಇಲ್ಲಿ ಅಳಿಯುವುದಿಲ್ಲ, ಕೈ ಬದಲಾಯಿಸುತ್ತದೆ. ಹೊರುವವರು ಕೂಲಿ ಕೇಳುತ್ತಾರೆ. ಹೆಡ್ಜಿಂಗ್ ಕುರಿತ ಬಹಳಷ್ಟು ಪಠ್ಯಗಳು ಈ ಕೂಲಿಯ ವಿಷಯವನ್ನು ಅಡಿಟಿಪ್ಪಣಿಗೆ ತಳ್ಳುವುದು ವಿಚಿತ್ರ.

1987ರ ಅಕ್ಟೋಬರ್ 19

ಸೂಚ್ಯಂಕದ ಜಿಗಿತದ ಅಪಾಯ ಅಳಿಯುವುದಿಲ್ಲ ಎಂಬ ಮಾತು ಪೇಟೆಗೆ ಮನದಟ್ಟಾದದ್ದು ನ್ಯೂಯಾರ್ಕ್‌ನಲ್ಲಿ. 1970ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದ ಹೇಯ್ನ್ ಲೆಲ್ಯಾಂಡ್ ಮತ್ತು ಮಾರ್ಕ್ ರೂಬಿನ್‌ಸ್ಟೈನ್ ಡೆಲ್ಟಾ ಹೆಡ್ಜಿಂಗನ್ನು ತಿರುಗಿಸಿ ಹಿಡಿದಿದ್ದರು. ಪುಟ್ ಕೊಳ್ಳುವ ಬದಲು, ಪೇಟೆ ಇಳಿದಂತೆಲ್ಲ ಸ್ವಲ್ಪ ಸ್ವಲ್ಪ ಮಾರುತ್ತಾ ಹೋದರೆ ಪುಟ್ ಇದ್ದಷ್ಟೇ ರಕ್ಷಣೆ ಸಿಗುತ್ತದಲ್ಲವೇ? ಜಾನ್ ಓಬ್ರಿಯನ್ ಜೊತೆ ಸೇರಿ ಅವರು ಇದನ್ನು ಪೋರ್ಟ್‌ಫೋಲಿಯೊ ಇನ್ಶೂರೆನ್ಸ್ ಎಂಬ ಹೆಸರಿನಲ್ಲಿ ಪಿಂಚಣಿ ನಿಧಿಗಳಿಗೆ ಮಾರಿದರು. ಬೇರೆಯವರೂ ಹಿಂದೆ ಬಂದರು. ಎಂಬತ್ತರ ದಶಕದ ಮಧ್ಯಕ್ಕೆ ಬಹುಕೋಟಿ ಡಾಲರ್‌ಗಳ ನಿಧಿಗಳು ಒಂದೇ ನಿಯಮಕ್ಕೆ ಕಟ್ಟುಬಿದ್ದಿದ್ದವು: ಇಳಿದರೆ ಮಾರು.

1987ರ ಅಕ್ಟೋಬರ್ 19ರ ಸೋಮವಾರ ಡೌ ಜೋನ್ಸ್ ಶೇ. 22.6, ಎಸ್ ಅಂಡ್ ಪಿ 500 ಶೇ. 20.5 ಬಿದ್ದವು. ಎಸ್ ಅಂಡ್ ಪಿ ಫ್ಯೂಚರ್ಸ್ ಶೇ. 29ರಷ್ಟು ಇಳಿದು, ಮೂಲ ಸೂಚ್ಯಂಕಕ್ಕಿಂತ ಬಹಳ ಕೆಳಗೆ ವಹಿವಾಟಾಯಿತು. ಹೆಡ್ಜ್ ಮಾಡಲೆಂದು ನೆಚ್ಚಿಕೊಂಡ ಸಾಧನವೇ ದಿಕ್ಕು ತಪ್ಪಿತ್ತು. ಮಾರುವವರೆಲ್ಲ ಒಂದೇ ಬಾಗಿಲಿಗೆ ನುಗ್ಗಿದ್ದರು. ಜೆನ್ಸ್ ಜಾಕ್‌ವರ್ಥ್ ಮತ್ತು ರೂಬಿನ್‌ಸ್ಟೈನ್ ಮುಂದೆ ಹಾಕಿದ ಲೆಕ್ಕದ ಪ್ರಕಾರ ಬ್ಲ್ಯಾಕ್–ಶೋಲ್ಸ್ ಜಗತ್ತಿನಲ್ಲಿ ಫ್ಯೂಚರ್ಸ್ ಹಾಗೆ ಬೀಳುವ ಸಂಭವ 1ರ ಮುಂದೆ 160 ಸೊನ್ನೆ ಬರೆದರೆ ಆಗುವ ಸಂಖ್ಯೆಯಲ್ಲಿ ಒಂದು ಪಾಲು. ಅಂದರೆ ವಿಶ್ವದ ಆಯುಷ್ಯದಲ್ಲೂ ನಡೆಯಬಾರದಿದ್ದ ಸಂಗತಿ ವಾರದ ಮೊದಲ ದಿನ ಹಗಲುಹೊತ್ತಿನಲ್ಲೇ ನಡೆದಿತ್ತು. ಅಧ್ಯಕ್ಷ ರೇಗನ್ ನೇಮಿಸಿದ ಬ್ರೇಡಿ ಸಮಿತಿ 1988ರ ಜನವರಿಯ ವರದಿಯಲ್ಲಿ ಪೋರ್ಟ್‌ಫೋಲಿಯೊ ಇನ್ಶೂರೆನ್ಸ್‌ನ ಪಾತ್ರವನ್ನು ಬೊಟ್ಟುಮಾಡಿತು. ಕುಸಿತಕ್ಕೆ ಅದೊಂದೇ ಕಾರಣವೇ ಎಂಬ ವಾದ ಇನ್ನೂ ಮುಗಿದಿಲ್ಲ. ಬೀಳುತ್ತಿದ್ದ ಪೇಟೆಯನ್ನು ಅದು ಇನ್ನಷ್ಟು ತಳ್ಳಿತು ಎಂಬುದರಲ್ಲಿ ಅನುಮಾನ ಕಡಿಮೆ.

ಅಲ್ಲಿಂದಾಚೆಗೆ ಆಪ್ಷನ್ ದರಗಳ ಮುಖವೇ ಬದಲಾಯಿತು. ಮೊದಲು ಬೇರೆ ಬೇರೆ ಸ್ಟ್ರೈಕ್‌ಗಳ ಇಂಪ್ಲೈಡ್ ವೊಲಟಿಲಿಟಿ (ಆಪ್ಷನ್ ದರದಿಂದ ಸೂತ್ರದ ಮೂಲಕ ಹಿಂದೆ ಲೆಕ್ಕ ಹಾಕಿದ ಏರಿಳಿತದ ಅಂದಾಜು) ಬಹುಮಟ್ಟಿಗೆ ಒಂದೇ ಆಗಿತ್ತು. 1987ರ ನಂತರ ಸೂಚ್ಯಂಕದ ದೂರದ ಪುಟ್‌ಗಳು ಸೂತ್ರ ಹೇಳುವುದಕ್ಕಿಂತ ಖಾಯಂ ತುಟ್ಟಿಯಾದವು. ಸ್ಟ್ರೈಕ್ ಕೆಳಗಿಳಿದಂತೆ ವೊಲಟಿಲಿಟಿ ಏರುವ ಈ ಓರೆಗೆ ಸ್ಕ್ಯೂ ಎನ್ನುತ್ತಾರೆ. ಮೇಲೆ ಹೇಳಿದ ಕೂಲಿ ಕಣ್ಣಿಗೆ ಕಾಣುವುದು ಇಲ್ಲೇ.

ಎಚ್ಚರಿಕೆ ಎಲ್ಲರಿಗೂ ತಟ್ಟಲಿಲ್ಲ. ಬೇರಿಂಗ್ಸ್ ಬ್ಯಾಂಕಿನ ನಿಕ್ ಲೀಸನ್ ಸಿಂಗಪುರದಲ್ಲಿ ಕೂತು ನಿಕ್ಕೈ 225ರ ಕಾಲ್ ಮತ್ತು ಪುಟ್ ಎರಡನ್ನೂ ಮಾರಿದ್ದರು. ಸೂಚ್ಯಂಕ ಅಲ್ಲಾಡದಿದ್ದರೆ ಮಾತ್ರ ಲಾಭ. 1995ರ ಜನವರಿ 17ರಂದು ಕೋಬೆಯಲ್ಲಿ ಭೂಮಿಯೇ ಅಲ್ಲಾಡಿತು. ಅದರ ಮುಂದಿನ ಸೋಮವಾರ ನಿಕ್ಕೈ ಒಂದು ಸಾವಿರಕ್ಕೂ ಹೆಚ್ಚು ಅಂಶ ಕುಸಿಯಿತು. ಲೀಸನ್ ಹೆಡ್ಜ್ ಮಾಡಲಿಲ್ಲ, ಏರಿಕೆಯ ಮೇಲೆ ಬಾಜಿ ಹೆಚ್ಚಿಸಿದರು. 827 ಮಿಲಿಯನ್ ಪೌಂಡ್ ನಷ್ಟ ಹೊತ್ತ ಬ್ಯಾಂಕು ಒಂದು ಪೌಂಡಿಗೆ ಡಚ್ಚರ ಐಎನ್‌ಜಿ ಪಾಲಾಯಿತು.

ಹೆಡ್ಜಿಂಗ್ ವಿಧಾನಗಳು

ಜಿಗಿತದ ಅಳತೆ ಒಂದೇ, ಅದೂ ಮೊದಲೇ ಗೊತ್ತು ಎಂದಾದರೆ ಫ್ಯೂಚರ್ಸ್ ಜೊತೆಗೆ ಇನ್ನೊಂದು ಆಪ್ಷನ್ ಸಾಕು; ಹೆಡ್ಜ್ ಮತ್ತೆ ಪರಿಪೂರ್ಣವಾಗುತ್ತದೆ. ಅಳತೆ ಶೇ. 3, 5, 8, 13 ಹೀಗೆ ಏನೂ ಆಗಬಹುದಾದಾಗ ಪ್ರತಿ ಅಳತೆಗೂ ಒಂದೊಂದು ಸಾಧನ ಬೇಕಾಗುತ್ತದೆ. ಗಣಿತಜ್ಞರು ಇಂಥದ್ದನ್ನು ಅಪೂರ್ಣ ಪೇಟೆ ಎನ್ನುತ್ತಾರೆ. ಏನೇ ಆದರೂ ನಷ್ಟವಾಗಬಾರದು ಎಂದು ಹಟ ಹಿಡಿದರೆ ಉತ್ತರ ಹಾಸ್ಯಾಸ್ಪದವಾಗಿ ಬರುತ್ತದೆ: ಒಂದು ಕಾಲ್ ಮಾರಿದ್ದಕ್ಕೆ ಇಡೀ ಸೂಚ್ಯಂಕವನ್ನೇ ಕೊಂಡಿಟ್ಟುಕೊಳ್ಳಬೇಕು. ಹಾಗಾಗಿ ಎಲ್ಲ ವಿಧಾನಗಳೂ ಉಳಿಯುವ ಅಪಾಯವನ್ನು ಹೇಗೆ ಅಳೆಯುವುದು, ಎಷ್ಟನ್ನು ಸಹಿಸುವುದು ಎಂಬ ಆಯ್ಕೆಗಳು.

ಹಾನ್ಸ್ ಫೋಲ್ಮರ್ ಮತ್ತು ಡೀಟರ್ ಝೋಂಡರ್‌ಮನ್ 1986ರಲ್ಲಿ ಮಂಡಿಸಿದ ದಾರಿಯಲ್ಲಿ ಉಳಿಯುವ ತಪ್ಪಿನ ವರ್ಗದ ಸರಾಸರಿಯನ್ನು ಕನಿಷ್ಠಗೊಳಿಸುತ್ತಾರೆ. ಮೇಲಿನ ಉದಾಹರಣೆಯಲ್ಲಿ ಡೆಲ್ಟಾ 0.35 ಇತ್ತು, ಅದು ಗೆರೆಯ ಆ ಬಿಂದುವಿನಲ್ಲಿನ ಓರೆ. 1,379 ಅಂಶದ ಕುಸಿತವೊಂದನ್ನೇ ನೆನೆದು ಹೆಡ್ಜ್ ಮಾಡಿದ್ದರೆ ಬೇಕಾಗುತ್ತಿದ್ದದ್ದು 815.50ನ್ನು 1,379.40ರಿಂದ ಭಾಗಿಸಿದಷ್ಟು, ಸುಮಾರು 0.59. ಆದರೆ 0.59 ಇಟ್ಟುಕೊಂಡು ಕೂತರೆ ಸಾಮಾನ್ಯ ದಿನದಲ್ಲಿ ಪೇಟೆ ನೂರು ಅಂಶ ಏರಿದಾಗ ಸುಮಾರು 24 ರೂಪಾಯಿ ಸುಮ್ಮನೆ ಹೋಗುತ್ತದೆ. ಕನಿಷ್ಠ ವರ್ಗದ ಹೆಡ್ಜ್ ಇವೆರಡರ ನಡುವೆ, ಜಿಗಿತ ಎಷ್ಟು ಸಲ ಬರುತ್ತದೆ ಎಂಬ ಅಂದಾಜಿಗೆ ತಕ್ಕಂತೆ, ಎಲ್ಲೋ ನಿಲ್ಲುತ್ತದೆ. ಸುಂದರವಾದ ಸಿದ್ಧಾಂತ, ದೋಷವೆಂದರೆ ಅದು ಲಾಭವನ್ನೂ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಜೊತೆಗೆ ಅಪರೂಪದ ಘಟನೆಯ ಅಂದಾಜನ್ನು ಪೂರ್ತಿ ನೆಚ್ಚಿಕೊಂಡಿದೆ.

ಡೆಲ್ಟಾ ಜೊತೆ ಗಾಮಾವನ್ನೂ ಸೊನ್ನೆ ಮಾಡುವುದು ಟ್ರೇಡಿಂಗ್ ಡೆಸ್ಕ್‌ಗಳಲ್ಲಿ ಬಳಕೆಯಲ್ಲಿದೆ. ಸಣ್ಣ ಜಿಗಿತಕ್ಕೆ ಅದು ಸಾಕು, ದೊಡ್ಡದಕ್ಕೆ ಸಾಲದು. ಗಾಮಾ ಕೂಡ ಇದ್ದಲ್ಲಿನ ಅಳತೆಯೇ.

ಹೆಚ್ಚು ನಂಬಬಹುದಾದದ್ದು ಹಲವು ಸ್ಟ್ರೈಕ್‌ಗಳ ಆಪ್ಷನ್ ಕೊಂಡಿಟ್ಟು ಆಮೇಲೆ ಕೈ ಆಡಿಸದೆ ಬಿಡುವ ಸ್ಥಿರ ಹೆಡ್ಜಿಂಗ್. ಎಲ್ಲ ಸ್ಟ್ರೈಕ್‌ಗಳೂ ಸಿಗುವಂತಿದ್ದರೆ ಯಾವುದೇ ಪಾವತಿಯನ್ನು ಅವುಗಳಿಂದಲೇ ಕಟ್ಟಬಹುದು ಎಂಬ ವಿಚಾರಕ್ಕೆ ಬ್ರೀಡನ್ ಮತ್ತು ಲಿಟ್ಸೆನ್‌ಬರ್ಗರ್ 1978ರಲ್ಲೇ ತಳಹದಿ ಹಾಕಿದ್ದರು. ಪೀಟರ್ ಕಾರ್ ಮತ್ತು ಲಿಯುರೆನ್ ವು ದೀರ್ಘಾವಧಿಯ ಆಪ್ಷನ್ನನ್ನು ಕೆಲವೇ ಅಲ್ಪಾವಧಿ ಆಪ್ಷನ್‌ಗಳಿಂದ ಹೆಡ್ಜ್ ಮಾಡುವ ಬಗೆ ತೋರಿಸಿದರು. ನಡುವೆ ಬೆಲೆ ನಡೆಯಿತೋ ಹಾರಿತೋ ಎಂಬುದಕ್ಕೆ ಈ ಏರ್ಪಾಟು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಅದೇ ಅದರ ಬಲ. ನಮ್ಮಲ್ಲಿ ಐರನ್ ಕಾಂಡೋರ್ ಎಂದು ಜನ ಮಾಡುವುದು ಇದರ ಬಡ ತಮ್ಮ: ಹತ್ತಿರದ ಕಾಲ್ ಮತ್ತು ಪುಟ್ ಮಾರಿ, ದೂರದವನ್ನು ರೆಕ್ಕೆಗಳಂತೆ ಕೊಂಡಿಡುವುದು. ರೆಕ್ಕೆಯ ಖರ್ಚು ಕಳೆದರೆ ಉಳಿಯುವ ಪ್ರೀಮಿಯಂ ಚಿಕ್ಕದೆಂದು ಅನೇಕರು ರೆಕ್ಕೆ ಕತ್ತರಿಸುತ್ತಾರೆ. ಆ ಉಳಿತಾಯ ಲಾಭವಲ್ಲ, ಕಟ್ಟದೆ ಬಿಟ್ಟ ವಿಮೆಯ ಕಂತು.

ಮಾದರಿಗಳ ಕಡೆ ಕೆಲಸ ಬಹಳ ನಡೆದಿದೆ. ಡೇವಿಡ್ ಬೇಟ್ಸ್ 1996ರಲ್ಲಿ ಜಿಗಿತವನ್ನೂ ತಾನೇ ಏರಿಳಿಯುವ ವೊಲಟಿಲಿಟಿಯನ್ನೂ ಒಂದೇ ಮಾದರಿಗೆ ತಂದರು; ಸ್ಟೀವನ್ ಕೌ 2002ರಲ್ಲಿ ಮೇಲಿನ ಮತ್ತು ಕೆಳಗಿನ ಜಿಗಿತಗಳಿಗೆ ಬೇರೆ ಬೇರೆ ಸ್ವಭಾವ ಕೊಟ್ಟರು. ಬೆಲೆ ಕಟ್ಟಲು ಇವು ಉಪಯುಕ್ತ. ಹೆಡ್ಜಿಂಗ್‌ನಲ್ಲಿ ಮಾದರಿಗಿಂತ ಸಾಧನಗಳ ಆಯ್ಕೆಯೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಫ್ಯೂಚರ್ಸ್ ಒಂದನ್ನೇ ಇಟ್ಟುಕೊಂಡವರಿಗೆ ಎಷ್ಟು ಚೆಲುವಾದ ಸಮೀಕರಣವೂ ರೆಕ್ಕೆ ಕೊಡಲಾರದು.

ಭಾರತದಲ್ಲಿ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ನಿಫ್ಟಿ ಫ್ಯೂಚರ್ಸ್ 2000ದ ಜೂನ್ 12ರಂದು, ನಿಫ್ಟಿ ಆಪ್ಷನ್‌ಗಳು 2001ರ ಜೂನ್ 4ರಂದು ಆರಂಭವಾದವು. ಇಲ್ಲಿನ ದೊಡ್ಡ ಜಿಗಿತಗಳಲ್ಲಿ ಕೆಲವಕ್ಕೆ ತಾರೀಖು ಮೊದಲೇ ಗೊತ್ತಿರುತ್ತದೆ, ದಿಕ್ಕು ಮಾತ್ರ ಗೊತ್ತಿರುವುದಿಲ್ಲ: ಬಜೆಟ್, ರಿಸರ್ವ್ ಬ್ಯಾಂಕ್ ನೀತಿ, ಮತ ಎಣಿಕೆ. ಅಂಥ ದಿನದ ಮುಂಚೆ ಪ್ರೀಮಿಯಂ ಉಬ್ಬುತ್ತದೆ, ಫಲಿತಾಂಶ ಬಂದ ಕೂಡಲೇ ಇಳಿಯುತ್ತದೆ; ರೆಕ್ಕೆ ಕೊಳ್ಳಬೇಕೆಂದವರು ಉಬ್ಬುವ ಮೊದಲೇ ಕೊಳ್ಳಬೇಕು. ಉಳಿದವು ಹೇಳದೆ ಕೇಳದೆ ಬರುತ್ತವೆ.

2009ರ ಮೇ 18, ಸೋಮವಾರ, ಚುನಾವಣಾ ಫಲಿತಾಂಶದ ನಂತರದ ಮೊದಲ ವಹಿವಾಟಿನ ದಿನ. ನಿಫ್ಟಿ ತೆರೆಯುತ್ತಲೇ ಮೇಲಿನ ಸರ್ಕ್ಯೂಟ್ (ವಹಿವಾಟು ತಾನಾಗಿ ನಿಲ್ಲುವ ಏರಿಕೆಯ ಮಿತಿ) ಮುಟ್ಟಿ ಪೇಟೆ ನಿಂತಿತು. ಮತ್ತೆ ತೆರೆದಾಗ ಮತ್ತೂ ಏರಿ ದಿನವಿಡೀ ಮುಚ್ಚಿತು. ಶುಕ್ರವಾರ 3,671.65ರಲ್ಲಿದ್ದ ಸೂಚ್ಯಂಕ 4,323.15ಕ್ಕೆ, ಶೇ. 17.7ರಷ್ಟು ಮೇಲೆ ನಿಂತಿತ್ತು. ವಹಿವಾಟು ನಡೆದದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಕಾಲ್ ಮಾರಿದ್ದವರಿಗೆ ಡೆಲ್ಟಾ ತಿದ್ದಲು ಪೇಟೆಯೇ ಇರಲಿಲ್ಲ. ಜಿಗಿತ ಯಾವಾಗಲೂ ಕೆಳಕ್ಕೇ ಎಂದುಕೊಂಡವರಿಗೆ ಅದೊಂದು ಪಾಠ. ಶೇ. 10, 15, 20ರ ಸರ್ಕ್ಯೂಟ್ ಬ್ರೇಕರ್‌ಗಳು ಗಾಬರಿಯನ್ನು ತಣಿಸುತ್ತವೆ ನಿಜ. ಹೆಡ್ಜ್ ಮಾಡುವವರ ಪಾಲಿಗೆ ಅವು ಜಿಗಿತವನ್ನು ಇನ್ನೂ ದೊಡ್ಡದು ಮಾಡುತ್ತವೆ.

2020ರ ಮಾರ್ಚ್ 13ರ ಕಥೆ ಇದಕ್ಕೆ ತಿರುಗುಮುರುಗು. ಹಿಂದಿನ ದಿನ 9,590.15ರಲ್ಲಿ ಮುಚ್ಚಿದ್ದ ನಿಫ್ಟಿ ಬೆಳಗ್ಗೆ ಶೇ. 10ಕ್ಕೂ ಹೆಚ್ಚು ಬಿತ್ತು. 45 ನಿಮಿಷ ಪೇಟೆ ನಿಂತಿತು. ಮತ್ತೆ ತೆರೆದ ಮೇಲೆ ಏರುತ್ತಾ ಹೋಗಿ 9,955.20ರಲ್ಲಿ ಮುಚ್ಚಿತು. ತಳದಲ್ಲಿ ಡೆಲ್ಟಾ ಸರಿಪಡಿಸಲು ಫ್ಯೂಚರ್ಸ್ ಮಾರಿದವರು ಸಂಜೆಯೊಳಗೆ ಎರಡು ಸಲ ಪೆಟ್ಟು ತಿಂದರು. ಪುಟ್ ಕೊಂಡು ಸುಮ್ಮನೆ ಕೂತವರಿಗೆ ಆ ಗೋಜಿರಲಿಲ್ಲ. ಹತ್ತು ದಿನಗಳ ನಂತರ, ಮಾರ್ಚ್ 23ರಂದು, ನಿಫ್ಟಿ ಶೇ. 12.98 ಬಿತ್ತು, ಆಗ ಮೇಲಕ್ಕೆ ಮರಳಲಿಲ್ಲ.

ಹೆಡ್ಜ್ ವಿಫಲವಾದಾಗ ನಷ್ಟ ವಿನಿಮಯ ಕೇಂದ್ರದ ಮೇಲೆ ಬೀಳದಂತೆ ತಡೆಯುವುದು ಮಾರ್ಜಿನ್, ಅಂದರೆ ವಹಿವಾಟುದಾರರು ಮುಂಗಡವಾಗಿ ಇಡುವ ಠೇವಣಿ. ಬಳಕೆಯಲ್ಲಿರುವ ಸ್ಪ್ಯಾನ್ ಪದ್ಧತಿ ಪ್ರತಿ ಪೊಸಿಷನ್ನನ್ನು 16 ಸನ್ನಿವೇಶಗಳಲ್ಲಿ ಇಟ್ಟು ನೋಡುತ್ತದೆ; ಕೊನೆಯ ಎರಡು ಅಸಾಮಾನ್ಯ ಜಿಗಿತದವು. ವಾಯಿದೆ ಮುಗಿಯುವ ದಿನ ಆಪ್ಷನ್‌ಗಳ ಗಾಮಾ ಅತಿ ತೀಕ್ಷ್ಣವಾಗಿರುವುದರಿಂದ ಸಣ್ಣ ಜಿಗಿತವೂ ದೊಡ್ಡ ಪೆಟ್ಟಾಗುತ್ತದೆ. 2024ರ ನವೆಂಬರ್ 20ರಿಂದ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ, ಸೂಚ್ಯಂಕ ಆಪ್ಷನ್ ಮಾರಿ ಇಟ್ಟುಕೊಂಡವರಿಂದ ಅವಧಿ ಮುಗಿಯುವ ದಿನ ಶೇ. 2 ಹೆಚ್ಚುವರಿ ಮಾರ್ಜಿನ್ ಪಡೆಯುತ್ತಿದೆ.